ಯಂತ್ರದ ತೋಳಿನ ಬ್ರೇಕು

ಬೆಳ್ಳಾವಿಯಲ್ಲಿ ಕರೆಂಟು ಹೋದರೆ ಫ್ಯಾನು ನಾಲ್ಕಾರು ಸುತ್ತು ತಿರುಗಿ ನಿಲ್ಲುತ್ತದೆ. ಹಿಟ್ಟಿನ ಗಿರಣಿಯೂ ಹಾಗೆಯೇ. ಇದರಿಂದ ಯಾರಿಗೂ ಅಪಾಯವಿಲ್ಲ. ಆದರೆ ಕಾರ್ಖಾನೆಯೊಂದರಲ್ಲಿ ಯಂತ್ರಮಾನವನ ಉಕ್ಕಿನ ತೋಳು ಭಾರವಾದ ಎರಕವನ್ನು ತಲೆಯ ಎತ್ತರಕ್ಕೆ ಎತ್ತಿ ಹಿಡಿದಿರುವಾಗ ಕರೆಂಟು ಹೋಯಿತೆನ್ನೋಣ. ತೋಳನ್ನು ಹಿಡಿದಿದ್ದುದು ಮೋಟಾರು. ಮೋಟಾರಿಗೆ ಬಲ ಕೊಡುತ್ತಿದ್ದುದು ವಿದ್ಯುತ್ತು. ವಿದ್ಯುತ್ತು ಹೋದ ಮೇಲೆ ತೋಳು ಕೆಳಕ್ಕೆ ಬೀಳಬೇಕಲ್ಲವೆ? ಬೀಳುವುದಿಲ್ಲ. ಅದು ಏಕೆ ಬೀಳುವುದಿಲ್ಲ, ಅದನ್ನು ಹಿಡಿದಿಡುವ ಏರ್ಪಾಡಿನ ವಿದ್ಯುತ್ ಸರಬರಾಜು ಕೆಟ್ಟಾಗ ದೋಷವನ್ನು ಪತ್ತೆಮಾಡುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಿಸೋಣ. ಬಿಡದಿಯ ಕಾರು ಕಾರ್ಖಾನೆಯಲ್ಲಿ ಇಂಥ ತೋಳುಗಳು ಬೆಸುಗೆಯ ಕೆಲಸ ಮಾಡುತ್ತಿವೆ. ತುಮಕೂರಿನ ಬಳಿ ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶವೇ ಬೆಳೆದಿದೆ. ನಮ್ಮ ಕಡೆಯ ತರುಣರಿಗೆ ಇದು ದೂರದ ವಿಷಯವಲ್ಲ.

ಬ್ರೇಕುಗಳಲ್ಲಿ ಎರಡು ಜಾತಿ. ಬೈಸಿಕಲ್ಲಿನ ಬ್ರೇಕು ನಾವು ಹಿಡಿಯನ್ನು ಅಮುಕಿದರೆ ಮಾತ್ರ ಚಕ್ರವನ್ನು ತಡೆಯುತ್ತದೆ. ಅದರ ತಂತಿ ತುಂಡಾದರೆ ಬ್ರೇಕೇ ಇಲ್ಲ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಪೇಟೆಂಟು ಪಡೆದ ರೈಲಿನ ಗಾಳಿಬ್ರೇಕೂ ಇದೇ ಜಾತಿಯದು. ಗಾಳಿಯನ್ನು ಕೊಳವೆಯಲ್ಲಿ ಒತ್ತಿದರೆ ಬ್ರೇಕು ಹಿಡಿಯುತ್ತಿತ್ತು. ಕೊಳವೆ ಕಳಚಿದರೆ ಗಾಡಿಯನ್ನು ನಿಲ್ಲಿಸುವವರಿಲ್ಲ. 1872ರಲ್ಲಿ ಆತ ಈ ಕ್ರಮವನ್ನು ತಲೆಕೆಳಗು ಮಾಡಿದ. ಕೊಳವೆಯಲ್ಲಿ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ. ಒತ್ತಡ ಇಳಿದರೆ ತಾನೇ ಹಿಡಿಯುತ್ತದೆ. ಗುಬ್ಬಿಯ ನಿಲ್ದಾಣವನ್ನು ಹಾದುಹೋಗುವ ರೈಲಿನಲ್ಲಿ ಯಾರಾದರೂ ಸರಪಳಿ ಎಳೆದರೆ ಕೊಳವೆಯ ಗಾಳಿ ಸೋರಿ ಗಾಡಿ ನಿಲ್ಲುವುದು ಇದೇ ತತ್ತ್ವದಿಂದ.

ಯಂತ್ರದ ತೋಳಿನ ಬ್ರೇಕು ಈ ಎರಡನೆಯ ಜಾತಿಗೆ ಸೇರಿದುದು. ಮೋಟಾರಿನ ಹಿಂಬದಿಯಲ್ಲಿ ಅದರ ಅಚ್ಚಿಗೆ ಒಂದು ಬಿಲ್ಲೆಯನ್ನು ಸೇರಿಸಿರುತ್ತಾರೆ. ಸ್ಪ್ರಿಂಗುಗಳು ಒಂದು ಉಕ್ಕಿನ ಫಲಕವನ್ನು ಈ ಬಿಲ್ಲೆಗೆ ಒತ್ತಿ ಹಿಡಿದಿರುತ್ತವೆ. ಎದುರಿಗಿರುವ ತಂತಿಸುರುಳಿಯಲ್ಲಿ ವಿದ್ಯುತ್ಪ್ರವಾಹ ಹರಿದಾಗ ಸುರುಳಿಯು ಅಯಸ್ಕಾಂತವಾಗಿ, ಸ್ಪ್ರಿಂಗಿನ ಬಲವನ್ನು ಮೀರಿ, ಫಲಕವನ್ನು ತನ್ನತ್ತ ಸೆಳೆಯುತ್ತದೆ, ಬಿಲ್ಲೆ ಬಿಡುಗಡೆಯಾಗುತ್ತದೆ. ಹಿಡಿಯುವುದು ಸ್ಪ್ರಿಂಗಿನ ಕೆಲಸ, ಬಿಡುವುದಷ್ಟೇ ವಿದ್ಯುತ್ತಿನ ಕೆಲಸ.

ಇಷ್ಟು ಚಿಕ್ಕ ಬ್ರೇಕು ಅಷ್ಟು ಭಾರವನ್ನು ತಡೆಯಬಲ್ಲುದೆ ಎಂದು ವಾಚಕರು ಕೇಳಬಹುದು. ಭುಜದ ಕೀಲಿನಿಂದ 1.5 ಮೀಟರು ದೂರದಲ್ಲಿ 10 ಕಿಲೋಗ್ರಾಂ ತೂಕವಿದ್ದರೆ ಅದರ ತಿರುಚುಬಲ ಸುಮಾರು 147 ನ್ಯೂಟನ್-ಮೀಟರು. ನಡುವೆ ನೂರಕ್ಕೆ ಒಂದರ ಹಲ್ಲುಗಾಲಿಗಳಿದ್ದರೆ ಮೋಟಾರಿನ ಅಚ್ಚಿಗೆ ಬರುವುದು ಸುಮಾರು 1.5 ಮಾತ್ರ. ತೋಳಿನ ಸ್ವಂತ ತೂಕವನ್ನು ಸೇರಿಸಿಕೊಂಡರೂ ಅಂಗೈಯಗಲದ ಬಿಲ್ಲೆ ಸಾಕಾಗುತ್ತದೆ.

ಬ್ರೇಕಿನ ಸುರುಳಿಗಳಿಗೆ ಬೇಕಾದ ನೇರ ಪ್ರವಾಹವನ್ನು ನಿಯಂತ್ರಕದ ಪೆಟ್ಟಿಗೆ ಒದಗಿಸುತ್ತದೆ. ಅನೇಕ ಯಂತ್ರಗಳಲ್ಲಿ ಇದು 24 ವೋಲ್ಟು. ಈ ಸರಬರಾಜಿನ ದೋಷಗಳು ಎರಡು ಬಗೆ. ವೋಲ್ಟೇಜು ಇರಬೇಕಾದಾಗ ಇಲ್ಲದಿರುವುದು ಒಂದು. ಆಗ ತೋಳು ಅಲುಗಾಡದೆ ನಿಲ್ಲುತ್ತದೆ, ಕೆಲಸ ಕೆಡುತ್ತದೆ, ಜನ ಕ್ಷೇಮ. ಇರಬಾರದಾಗ ವೋಲ್ಟೇಜು ಇರುವುದು ಇನ್ನೊಂದು. ಆಗ ಬ್ರೇಕು ಬೇಡದ ಹೊತ್ತಿನಲ್ಲಿ ಬಿಡುತ್ತದೆ, ಇದು ಪ್ರಾಣಾಪಾಯ. ಆದುದರಿಂದಲೇ ಬ್ರೇಕಿನ ಮಂಡಲದಲ್ಲಿ ಸಾಮಾನ್ಯವಾಗಿ ಎರಡು ಸ್ವಿಚ್ಚುಗಳನ್ನು ಒಂದರ ಮುಂದೊಂದು ಇಡುತ್ತಾರೆ. ಒಂದು ಅಂಟಿಕೊಂಡರೂ ಇನ್ನೊಂದು ಪ್ರವಾಹವನ್ನು ಕಡಿಯುತ್ತದೆ.

ಇನ್ನು ಮೊದಲನೆಯ ಬಗೆಯ ದೋಷವನ್ನು ಹುಡುಕುವ ಕ್ರಮ. ಎಲ್ಲಕ್ಕಿಂತ ಮೊದಲು ತೋಳಿಗೆ ಆಸರೆ ಕೊಡಬೇಕು. ಅನಂತರ ವಿದ್ಯುತ್ತನ್ನು ಪೂರ್ಣವಾಗಿ ನಿಲ್ಲಿಸಿ, ಸ್ವಿಚ್ಚಿಗೆ ಬೀಗ ಹಾಕಿ, ಪೆಟ್ಟಿಗೆಯಿಂದ ತೋಳಿಗೆ ಹೋಗುವ ಕೇಬಲಿನ ಪ್ಲಗ್ಗನ್ನು ಕಳಚಬೇಕು. ಇದರಿಂದ ಮಂಡಲ ಎರಡು ಭಾಗವಾಗುತ್ತದೆ. ಪ್ಲಗ್ಗು ಕಳಚಿದ ಮೇಲೆ ಸರಬರಾಜು ಸರಿಹೋದರೆ ದೋಷ ಬಹುಮಟ್ಟಿಗೆ ತೋಳಿನ ಕಡೆಯದು. ಸರಿಹೋಗದಿದ್ದರೆ ಪೆಟ್ಟಿಗೆಯ ಒಳಗಿನದು. ಶಂಕೆಯ ಸ್ಥಾನಗಳು ಎಂಟಿದ್ದರೂ ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಮೂರು ಪರೀಕ್ಷೆಗಳಲ್ಲಿ ಒಂದೇ ಉಳಿಯುತ್ತದೆ.

ತೋಳಿನ ಕಡೆಯನ್ನು ಓಮ್‌ಮಾಪಕದಿಂದ ಪರೀಕ್ಷಿಸಬಹುದು. ಉದಾಹರಣೆಗೆ 48 ಓಮಿನ ಆರು ಸುರುಳಿಗಳು ಸಮಾಂತರವಾಗಿದ್ದರೆ ಒಟ್ಟು ರೋಧ 8 ಓಮು. ಮಾಪಕ 9.6 ಓಮನ್ನು ತೋರಿಸಿದರೆ ಐದೇ ಸುರುಳಿಗಳು ಉಳಿದಿವೆ, ಒಂದರ ತಂತಿ ಕಡಿದಿದೆ ಎಂದರ್ಥ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ತಂತಿಗಳು ಒಂದಕ್ಕೊಂದು ತಗಲಿವೆ. ತೋಳಿನೊಂದಿಗೆ ದಿನವೂ ಸಾವಿರಾರು ಸಲ ಬಾಗುವ ಕೇಬಲಿನಲ್ಲಿ ಇದು ಅಪರೂಪವಲ್ಲ. ಫ್ಯೂಸು ಸುಟ್ಟಿದ್ದರೆ ಅದಕ್ಕೂ ಕಾರಣ ಇದೇ ಇರಬಹುದು. ಅಲ್ಲಿ ದಪ್ಪ ತಂತಿ ಕಟ್ಟುವುದು ರೋಗವನ್ನು ಬಿಟ್ಟು ಜ್ವರಮಾಪಕವನ್ನು ಒಡೆದಂತೆ.

ಬಹು ಜನರನ್ನು ದಾರಿ ತಪ್ಪಿಸುವ ದೋಷವೊಂದುಂಟು. ಮಾಪಕ 24 ವೋಲ್ಟನ್ನು ಸರಿಯಾಗಿ ತೋರಿಸುತ್ತದೆ, ಆದರೂ ಬ್ರೇಕು ಬಿಡುವುದಿಲ್ಲ. ಒಂದು ತಿರುಪು ಸಡಿಲವಾಗಿ ಅಲ್ಲಿ 2 ಓಮಿನ ರೋಧ ಉಂಟಾಗಿದೆಯೆನ್ನೋಣ. ಪ್ರವಾಹ ಹರಿಯದಿರುವಾಗ ಅಲ್ಲಿ ವೋಲ್ಟೇಜು ನಷ್ಟವಾಗುವುದಿಲ್ಲ. ಸುರುಳಿಗಳು ಸೇರಿದೊಡನೆ ಒಟ್ಟು ರೋಧ 10 ಓಮು, ಪ್ರವಾಹ 2.4 ಆಂಪಿಯರು, ಸುರುಳಿಗಳಿಗೆ ಉಳಿಯುವುದು 19.2 ವೋಲ್ಟು ಮಾತ್ರ. ಅಯಸ್ಕಾಂತದ ಸೆಳೆತ ಸ್ಥೂಲವಾಗಿ ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಅದು ನೂರಕ್ಕೆ 64ಕ್ಕೆ ಇಳಿಯುತ್ತದೆ. ಆದುದರಿಂದ ಭಾರವಿಲ್ಲದೆ ಅಳೆದ ವೋಲ್ಟೇಜನ್ನು ನಂಬಬಾರದು. ಸುರುಳಿಗಳು ಪ್ರವಾಹವನ್ನು ಎಳೆಯುತ್ತಿರುವಾಗಲೇ ಅಳೆಯಬೇಕು. ಬೆಳಗ್ಗೆ ಸರಿಯಿದ್ದು ಮಧ್ಯಾಹ್ನ ಕೆಡುವ ಬ್ರೇಕಿನ ಗುಟ್ಟೂ ಇಂಥದೇ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು ಏರುತ್ತದೆ, ಸುರುಳಿ 60 ಡಿಗ್ರಿ ಬಿಸಿಯಾದರೆ ಪ್ರವಾಹ ಸುಮಾರು ಐದರಲ್ಲಿ ಒಂದು ಭಾಗ ಕುಗ್ಗುತ್ತದೆ.

ಕೆಲಸ ನಿಂತಾಗ ಮೇಲಿನವರ ಅವಸರ ಸಹಜ. ಆಗ ಕೆಲವರಿಗೆ ಒಂದು ಸುಲಭೋಪಾಯ ಹೊಳೆಯುತ್ತದೆ: ಹೊರಗಿನಿಂದ ಬ್ಯಾಟರಿಯ 24 ವೋಲ್ಟನ್ನು ಸುರುಳಿಗೆ ಕೊಟ್ಟು ಬ್ರೇಕನ್ನು ಬಿಡಿಸುವುದು. ಆದರೆ ಆ ಗಳಿಗೆಯಲ್ಲಿ ಮೋಟಾರಿಗೆ ಬಲವಿಲ್ಲ. ತೋಳನ್ನು ತಡೆದಿದ್ದುದು ಬ್ರೇಕೊಂದೇ. ಒಂದು ಮೀಟರು ಎತ್ತರದಿಂದ ಜಾರಿದ ವಸ್ತು ಅರ್ಧ ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ. ಹಲ್ಲುಗಾಲಿಗಳಿಂದ ತೋಳಿನ ವೇಗ ಇದಕ್ಕಿಂತ ಕಡಿಮೆಯಾದರೂ ಅಡಿಯಲ್ಲಿರುವವನು ತಪ್ಪಿಸಿಕೊಳ್ಳುವನೆಂಬ ಭರವಸೆಯಿಲ್ಲ. ಸರಬರಾಜು ಕೆಟ್ಟಾಗ ಅಲುಗದೆ ನಿಂತ ತೋಳು ತನ್ನ ಕರ್ತವ್ಯವನ್ನೇ ಮಾಡುತ್ತಿದೆ. ದೋಷ ಸಿಗುವವರೆಗೆ ಅದನ್ನು ಹಾಗೆಯೇ ನಿಲ್ಲಗೊಡುವುದು ಕಾರ್ಖಾನೆಗೆ ಒಂದೆರಡು ಗಂಟೆಯ ನಷ್ಟ, ಅಷ್ಟೆ.