ಟ್ರೌಟ್ ಯಾಕೆ ಕೆಳಗಿಳಿಯಲ್ಲ?

ಮೆಟ್ಟುಪಾಳ್ಯದಲ್ಲಿ ಭವಾನಿ ಹೊಳೆಗೆ ದಿನವಿಡೀ ಗಾಳ ಹಾಕಿ ಕೂತರೂ ನಿಮಗೆ ಟ್ರೌಟ್ ಮೀನು ಸಿಗಲ್ಲ. ಅದು ಇರೋದು ಮೇಲೆ, ಭವಾನಿ ಹುಟ್ಟುವ ನೀಲಗಿರಿಯ ತಣ್ಣನೆಯ ತೊರೆಗಳಲ್ಲಿ. ಬ್ರಿಟಿಷರು ಹೊರಗಿನಿಂದ ತಂದ ಮೀನು ಇದು. 1907ರಲ್ಲಿ ಊಟಿ ಬಳಿಯ ಅವಲಾಂಚಿಯಲ್ಲಿ ಇದರ ಮರಿ ಮಾಡುವ ಕೇಂದ್ರ ಶುರುವಾಯಿತು.

ಇದನ್ನು ಹಿಡಿಯಲು ‘ಜಿಗ್’ ಬಳಸುವವರಿದ್ದಾರೆ. ಗಾಳದ ತಲೆಗೆ ಪುಟ್ಟ ಸೀಸದ ಗುಂಡು, ಹಿಂದೆ ಒಂದಿಷ್ಟು ಗರಿ. ಎರಡು ಗ್ರಾಂ ತೂಗಿದರೆ ಸಾಕು. ಕೋಲಿನ ತುದಿ ಎತ್ತಿದರೆ ಏರುತ್ತೆ, ಸಡಿಲ ಬಿಟ್ಟರೆ ಇಳಿಯುತ್ತೆ, ಥೇಟ್ ಗಾಯಗೊಂಡ ಮರಿಮೀನು! ಟ್ರೌಟ್ ಬಾಯಿ ಹಾಕೋದು ಹೆಚ್ಚಾಗಿ ಇಳಿಯುವಾಗಲೇ. ದಾರ ದಪ್ಪವಿದ್ದರೆ ಹರಿಯುವ ನೀರು ಅದನ್ನು ಎಳೆದು ಈ ಕುಣಿತವನ್ನೇ ಕೆಡಿಸುತ್ತೆ. ಅದಕ್ಕೇ ತೆಳು ದಾರ, ಹಗುರ ಕೋಲು. (ಕಾಡಿನೊಳಗೆ ಅನುಮತಿ ಇಲ್ಲದೆ ಗಾಳ ಹಾಕುವಂತಿಲ್ಲ, ನೆನಪಿರಲಿ.)

ಇದೇ ಜಿಗ್ ಕೆಳಗೆ ಯಾಕೆ ಸೋಲುತ್ತೆ? 10 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 30 ಡಿಗ್ರಿಯಲ್ಲಿ ಬರೀ ಏಳೂವರೆ. ನೀರು ಬಿಸಿಯಾದಷ್ಟೂ ಮೀನಿನ ಮೈ ಕೇಳುವ ಆಮ್ಲಜನಕ ಜಾಸ್ತಿ, ಸಿಗುವುದು ಕಮ್ಮಿ. 25 ಡಿಗ್ರಿ ದಾಟಿದರೆ ಟ್ರೌಟ್‌ಗೆ ಬದುಕೇ ಕಷ್ಟ.

ಮನೆಯಲ್ಲಿ ಅನ್ನಕ್ಕೆ ಎಸರಿಟ್ಟಾಗ ನೋಡಿ. ಕುದಿಯುವ ಮೊದಲೇ ಪಾತ್ರೆಯ ತಳದಲ್ಲಿ ಪುಟ್ಟ ಗುಳ್ಳೆಗಳು ಕೂರುತ್ತವೆ ಅಲ್ವಾ? ಅವು ಆವಿಯಲ್ಲ, ನೀರು ಬಿಟ್ಟುಕೊಟ್ಟ ಗಾಳಿ.