ರಕ್ತದಲ್ಲಿ ಉಳಿದ ಹೆಜ್ಜೆಗುರುತು

2020ರ ಫೆಬ್ರುವರಿ ತಿಂಗಳು. ಕೊರೊನಾ ವೈರಸ್ ಜಗತ್ತಿನ ಬಹುಪಾಲು ಜನರಿಗೆ ಇನ್ನೂ ದೂರದ ಸುದ್ದಿಯಷ್ಟೇ ಆಗಿತ್ತು. ಆಗ ಸಿಂಗಪುರದ ಆರೋಗ್ಯಾಧಿಕಾರಿಗಳಿಗೆ ಒಂದು ಒಗಟು ಎದುರಾಯಿತು. ಅಲ್ಲಿನ ಎರಡು ಬೇರೆ ಬೇರೆ ಚರ್ಚುಗಳಿಗೆ ಹೋಗುತ್ತಿದ್ದವರಲ್ಲಿ ಸೋಂಕು ಕಾಣಿಸಿಕೊಂಡಿತ್ತು. ಮೊದಲನೆಯ ಚರ್ಚಿಗೆ ರೋಗ ಬಂದ ದಾರಿ ಸ್ಪಷ್ಟವಿತ್ತು. ಜನವರಿ 19ರ ಪ್ರಾರ್ಥನೆಯಲ್ಲಿ ಚೀನಾದ ವುಹಾನ್ ನಗರದಿಂದ ಬಂದಿದ್ದ ಇಬ್ಬರು ಪ್ರವಾಸಿಗಳು ಪಾಲ್ಗೊಂಡಿದ್ದರು. ಆದರೆ ಎರಡನೆಯ ಚರ್ಚಿಗೆ ಅದು ದಾಟಿದ್ದು ಹೇಗೆ?

ವಿಚಾರಣೆ ಒಬ್ಬ ದಂಪತಿಯ ಬಳಿಗೆ ಬಂದು ನಿಂತಿತು. ಅವರು ಮೊದಲನೆಯ ಚರ್ಚಿಗೆ ಹೋಗಿದ್ದರು; ಜನವರಿ 25ರಂದು ಚೀನೀ ಹೊಸವರ್ಷದ ಕೌಟುಂಬಿಕ ಕೂಟದಲ್ಲೂ ಇದ್ದರು. ಎರಡನೆಯ ಚರ್ಚಿನ ಸದಸ್ಯರೊಬ್ಬರು ಅದೇ ಕೂಟಕ್ಕೆ ಬಂದಿದ್ದರು. ಕೊಂಡಿ ಸಿಕ್ಕಿತು ಅನ್ನುವಷ್ಟರಲ್ಲಿ ಹೊಸ ತೊಡಕು. ದಂಪತಿ ಅಷ್ಟರಲ್ಲಾಗಲೇ ಗುಣಮುಖರಾಗಿದ್ದರು. ಮೂಗು, ಗಂಟಲಿನ ದ್ರವದಲ್ಲಿ ವೈರಸ್ಸನ್ನು ಹುಡುಕುವ ಕಾಲ ಮೀರಿಹೋಗಿತ್ತು. ಆಗ ಡ್ಯೂಕ್-ಎನ್‌ಯುಎಸ್ ವೈದ್ಯಕೀಯ ಕಾಲೇಜಿನ ಲಿನ್‌ಫಾ ವಾಂಗ್ ಅವರ ತಂಡ ಬೇರೊಂದು ಕಡೆ ಹುಡುಕಿತು. ಅದು ದಂಪತಿಯ ರಕ್ತ. ವೈರಸ್ ಹೊರಟುಹೋಗಿದ್ದರೂ ಅದರ ಗುರುತು ಅಲ್ಲಿ ಅಳಿಸಿರಲಿಲ್ಲ. ಎರಡು ಚರ್ಚುಗಳ ನಡುವಿನ ಕೊಂಡಿ ಹೀಗೆ ಖಚಿತವಾಯಿತು.

ಆ ಗುರುತೇ ಪ್ರತಿಕಾಯ. ವೈದ್ಯರ ಮಾತಿನಲ್ಲಿ ಆ್ಯಂಟಿಬಾಡಿ. ದೇಹದೊಳಗೆ ಹೊರಗಿನ ಜೀವಾಣುವೊಂದು ಹೊಕ್ಕಾಗ ಬಿಳಿ ರಕ್ತಕಣಗಳ ಒಂದು ವರ್ಗವಾದ ಬಿ-ಕೋಶಗಳು ಅದಕ್ಕೆ ಸರಿಹೊಂದುವ ಪ್ರೋಟೀನನ್ನು ತಯಾರಿಸುತ್ತವೆ. ಬೀಗಕ್ಕೆ ತಕ್ಕ ಕೀಲಿಯಂತೆ ಈ ಪ್ರೋಟೀನು ಜೀವಾಣುವಿನ ನಿರ್ದಿಷ್ಟ ಭಾಗಕ್ಕೆ ಅಂಟಿಕೊಳ್ಳುತ್ತದೆ. ಇದರಲ್ಲಿ ಹಲವು ಬಗೆ. ಸಾಮಾನ್ಯವಾಗಿ ಮೊದಲು ಬರುವುದು ಐಜಿಎಂ. ಐದು ತುಣುಕುಗಳು ಕೂಡಿದ ದೊಡ್ಡ ಅಣು ಇದು, ಬಹುಕಾಲ ಉಳಿಯುವುದಿಲ್ಲ. ಅದರ ಹಿಂದೆಯೇ ಬರುವ ಐಜಿಜಿ ತಿಂಗಳುಗಟ್ಟಲೆ ಇರುತ್ತದೆ. ಕೊರೊನಾ ಸೋಂಕಿನಲ್ಲಿ ಎಷ್ಟೋ ಜನರಿಗೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಕಾಣಿಸಿಕೊಂಡವು.

ರಕ್ತದ ಪ್ರತಿಕಾಯ ನೋಡಿ ರೋಗ ಹೇಳುವ ವಿದ್ಯೆ ಹೊಸದೇನಲ್ಲ. ಜ್ವರ ನಾಲ್ಕು ದಿನ ಬಿಡದಿದ್ದರೆ ನಮ್ಮ ಊರುಗಳಲ್ಲಿ ಬರೆದುಕೊಡುತ್ತ ಬಂದ 'ವಿಡಾಲ್' ಪರೀಕ್ಷೆಯೂ ಇದೇ ಜಾತಿಯದು. ಫ್ರಾನ್ಸಿನ ವೈದ್ಯ ಫರ್ನಾಂಡ್ ವಿಡಾಲ್ 1896ರಲ್ಲಿ ಟೈಫಾಯ್ಡ್‌ಗಾಗಿ ಅದನ್ನು ರೂಪಿಸಿದ. ಈಗ ಹೆಚ್ಚು ಬಳಕೆಯಲ್ಲಿರುವ ಎಲೈಸಾ ವಿಧಾನವನ್ನು 1971ರಲ್ಲಿ ಪ್ರಕಟಿಸಿದವರು ಸ್ವೀಡನ್ನಿನ ಈವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್.

ಎಲೈಸಾದ ತಂತ್ರ ಸೊಗಸಾಗಿದೆ. ಅಂಗೈಯಷ್ಟಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ 96 ಪುಟ್ಟ ಗುಳಿಗಳು. ಅವುಗಳ ತಳಕ್ಕೆ ಮೊದಲೇ ವೈರಸ್ಸಿನ ಪ್ರೋಟೀನನ್ನು ಅಂಟಿಸಿರುತ್ತಾರೆ. ಅದರ ಮೇಲೆ ರೋಗಿಯ ರಕ್ತದ ಸೀರಂ ಹಾಕುತ್ತಾರೆ. ಅದರಲ್ಲಿ ತಕ್ಕ ಪ್ರತಿಕಾಯ ಇದ್ದರೆ ತಳಕ್ಕೆ ಅಂಟಿಕೊಳ್ಳುತ್ತದೆ. ಉಳಿದದ್ದೆಲ್ಲ ತೊಳೆದಾಗ ಹೋಗುತ್ತದೆ. ಆದರೆ ಅಂಟಿಕೊಂಡದ್ದು ಕಣ್ಣಿಗೆ ಕಾಣಬೇಕಲ್ಲ? ಅದಕ್ಕಾಗಿ ಮನುಷ್ಯನ ಪ್ರತಿಕಾಯವನ್ನೇ ಹಿಡಿಯುವ ಇನ್ನೊಂದು ಪ್ರತಿಕಾಯವನ್ನು, ಬೆನ್ನಿಗೊಂದು ಕಿಣ್ವ ಕಟ್ಟಿ ಬಿಡುತ್ತಾರೆ. ಮತ್ತೆ ತೊಳೆದು, ಕಿಣ್ವ ಸೋಕಿದರೆ ಬಣ್ಣ ತಿರುಗುವ ದ್ರವ ಸುರಿಯುತ್ತಾರೆ. ಬಣ್ಣ ಬಂದರೆ ಪ್ರತಿಕಾಯ ಇದೆ, ಗಾಢವಾದಷ್ಟೂ ಹೆಚ್ಚು. 2020ರ ಮೇ ತಿಂಗಳಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ರೂಪಿಸಿದ 'ಕೋವಿಡ್ ಕವಚ್' ಕಿಟ್ ನಡೆಯುವುದೂ ಹೀಗೆಯೇ.

ಇಷ್ಟು ಜಾಣ ಪರೀಕ್ಷೆ ಇದ್ದ ಮೇಲೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವ ಆರ್‌ಟಿ-ಪಿಸಿಆರ್ ಯಾಕೆ ಬೇಕಿತ್ತು? ಇದಕ್ಕೆ ಉತ್ತರ ಕಾಲದ ಲೆಕ್ಕದಲ್ಲಿದೆ. ವೈರಸ್ ಮೂಗು, ಗಂಟಲಿನಲ್ಲಿ ತುಂಬಿ ತುಳುಕುವುದು ರೋಗಲಕ್ಷಣ ಶುರುವಾಗುವ ಆಸುಪಾಸಿನಲ್ಲಿ. ಸೋಂಕು ಇನ್ನೊಬ್ಬರಿಗೆ ಹರಡುವುದೂ ಹೆಚ್ಚಾಗಿ ಆಗಲೇ. ಪ್ರತಿಕಾಯವಾದರೋ ಅಳತೆಗೆ ಸಿಗುವ ಮಟ್ಟಕ್ಕೆ ಬರಲು ಒಂದೆರಡು ವಾರ ಹಿಡಿಯುತ್ತದೆ. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಬಳಗ 2020ರ ಜೂನ್‌ನಲ್ಲಿ 54 ಅಧ್ಯಯನಗಳನ್ನು ಪರಿಶೀಲಿಸಿತು. ಲಕ್ಷಣ ಕಾಣಿಸಿದ ಮೊದಲ ವಾರದಲ್ಲಿ ಪ್ರತಿಕಾಯ ಪರೀಕ್ಷೆ ಹಿಡಿದದ್ದು ನೂರರಲ್ಲಿ 30 ಸೋಂಕಿತರನ್ನು ಮಾತ್ರ. ಎರಡನೆಯ ವಾರದಲ್ಲಿ ಅದು 72ಕ್ಕೆ, ಮೂರನೆಯ ವಾರದಲ್ಲಿ 91ಕ್ಕೆ ಏರಿತು. ಅಂದರೆ ಕೆಮ್ಮು ಶುರುವಾದ ಮೂರನೆಯ ದಿನ ಪ್ರತಿಕಾಯ ಪರೀಕ್ಷೆ ಮಾಡಿಸಿ, 'ನೆಗೆಟಿವ್ ಬಂತು' ಎಂದು ಅಜ್ಜ ಅಜ್ಜಿಯ ಪಕ್ಕ ಕುಳಿತರೆ ಆಗಬಹುದಾದ ಅನಾಹುತ ಊಹಿಸಬಹುದು.

ಭಾರತಕ್ಕೆ ಈ ಪಾಠ 2020ರ ಏಪ್ರಿಲ್‌ನಲ್ಲಿ ದುಬಾರಿಯಾಗಿಯೇ ಸಿಕ್ಕಿತು. ಬೆರಳ ತುದಿಯ ಹನಿ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ನೀಡುವ ಕ್ಷಿಪ್ರ ಕಿಟ್‌ಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಚೀನಾದಿಂದ ಬಂದಿಳಿದವು. ಸೋಂಕು ಖಚಿತವಾಗಿದ್ದವರ ರಕ್ತವನ್ನೇ ಪರೀಕ್ಷಿಸಿ ನೋಡಿದ ರಾಜಸ್ಥಾನ, ಕಿಟ್‌ಗಳ ನಿಖರತೆ ಶೇ. 5.4 ಮಾತ್ರ ಎಂದು ದೂರಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಏಪ್ರಿಲ್ 21ರಂದು ಬಳಕೆಗೆ ತಾತ್ಕಾಲಿಕ ತಡೆ ಹಾಕಿತು. 27ರಂದು, ಕಿಟ್‌ಗಳನ್ನು ಹಿಂದಿರುಗಿಸಿ ಎಂದು ರಾಜ್ಯಗಳಿಗೆ ಪತ್ರ ಬರೆಯಿತು.

ಕಿಟ್ ಉತ್ತಮವಾಗಿದ್ದರೂ ಇನ್ನೊಂದು ಪೇಚು ಇದೆ. ಇದು ಹೈಸ್ಕೂಲಿನ ಶೇಕಡಾ ಲೆಕ್ಕ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಮಾಡಿ ನೋಡಬಹುದು. 10,000 ಜನರಿರುವ ಊರಿನಲ್ಲಿ ಶೇ. 1ರಷ್ಟು ಮಂದಿಗೆ, ಅಂದರೆ 100 ಜನಕ್ಕೆ, ಸೋಂಕು ಬಂದುಹೋಗಿದೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಸೋಂಕು ಬಂದವರಲ್ಲಿ ಶೇ. 90 ಜನರನ್ನು ಸರಿಯಾಗಿ ಹಿಡಿಯುತ್ತದೆ, ಬಾರದವರಲ್ಲಿ ಶೇ. 95 ಜನರಿಗೆ ಸರಿಯಾಗಿ 'ಇಲ್ಲ' ಎನ್ನುತ್ತದೆ. ಹಾಗಾದರೆ ನಿಜವಾದ ಪಾಸಿಟಿವ್ 90. ಉಳಿದ 9,900 ಜನರಲ್ಲಿ ಶೇ. 5, ಅಂದರೆ 495 ಮಂದಿಗೆ ಸುಳ್ಳು ಪಾಸಿಟಿವ್. ಒಟ್ಟು 585 ಪಾಸಿಟಿವ್‌ಗಳಲ್ಲಿ ನಿಜವಾದದ್ದು ನೂರಕ್ಕೆ 15 ಮಾತ್ರ! ಅದೇ ಊರಿನಲ್ಲಿ ಶೇ. 30 ಜನಕ್ಕೆ ಸೋಂಕು ಬಂದುಹೋಗಿದ್ದರೆ ನಿಜವಾದ ಪಾಸಿಟಿವ್ 2,700, ಸುಳ್ಳು 350. ನೂರಕ್ಕೆ 88 ಫಲಿತಾಂಶಗಳನ್ನು ನಂಬಬಹುದು. ಕಿಟ್ ಅದೇ, ಬದಲಾದದ್ದು ಊರಿನ ಪರಿಸ್ಥಿತಿ. ಲ್ಯಾಬಿನ ವರದಿಯಲ್ಲಿ ಈ ಮಾತನ್ನು ಯಾರೂ ಅಚ್ಚು ಮಾಡಿ ಕೊಡುವುದಿಲ್ಲ.

ಪ್ರತಿಕಾಯಗಳು ಕೆಲವೊಮ್ಮೆ ಹೋಲಿಕೆ ಕಂಡು ಮೋಸಹೋಗುವುದೂ ಉಂಟು. ಸಿಂಗಪುರದಲ್ಲೇ 2020ರ ಆರಂಭದಲ್ಲಿ ಇಬ್ಬರು ಜ್ವರಪೀಡಿತರಿಗೆ ಕ್ಷಿಪ್ರ ರಕ್ತಪರೀಕ್ಷೆ ಡೆಂಗಿ ಎಂದು ಹೇಳಿತು. ಆಮೇಲೆ ನೋಡಿದರೆ ಅದು ಕೋವಿಡ್.

ಹಾಗಾದರೆ ಪ್ರತಿಕಾಯ ಪರೀಕ್ಷೆಯಿಂದ ಆದ ದೊಡ್ಡ ಉಪಕಾರ ಯಾವುದು? ಅದು ಒಬ್ಬ ರೋಗಿಗಿಂತ ಇಡೀ ಸಮಾಜದ ಬಗ್ಗೆ ಹೆಚ್ಚು ಹೇಳಿತು. 2020ರ ಮೇ-ಜೂನ್‌ನಲ್ಲಿ 21 ರಾಜ್ಯಗಳ 70 ಜಿಲ್ಲೆಗಳಲ್ಲಿ 28,000 ವಯಸ್ಕರ ರಕ್ತ ಪರೀಕ್ಷಿಸಿದಾಗ ಶೇ. 0.73 ಜನಕ್ಕೆ ಸೋಂಕು ಬಂದುಹೋಗಿತ್ತು. ಇದು ಸಣ್ಣ ಸಂಖ್ಯೆಯೆಂದು ತೋರಿದರೂ, ದಾಖಲಾದ ಪ್ರತಿ ಪ್ರಕರಣಕ್ಕೆ 82ರಿಂದ 130 ಸೋಂಕುಗಳು ಇದ್ದವೆಂದು ಇದರಿಂದ ತಿಳಿಯಿತು. 2021ರ ಜೂನ್-ಜುಲೈ ಹೊತ್ತಿಗೆ, ಎರಡನೆಯ ಅಲೆ ಬಡಿದು ಹೋದ ಮೇಲೆ, ಪ್ರತಿಕಾಯ ಇದ್ದವರು ಶೇ. 67.6.

ಆ ನಾಲ್ಕನೆಯ ಸಮೀಕ್ಷೆಯಲ್ಲಿ ಮಕ್ಕಳೂ ಸೇರಿದ್ದರು. 6ರಿಂದ 9 ವರ್ಷದವರಲ್ಲಿ ಶೇ. 57.2, 10ರಿಂದ 17ರವರಲ್ಲಿ ಶೇ. 61.6 ಮಂದಿಯಲ್ಲಿ ಪ್ರತಿಕಾಯ ಇತ್ತು. ಮಕ್ಕಳಿಗೆ ಆಗಿನ್ನೂ ಲಸಿಕೆ ಶುರುವಾಗಿರಲಿಲ್ಲ. ಮನೆಯಲ್ಲೇ ಕೂಡಿಹಾಕಿದ್ದರೂ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಸೋಂಕು ತಾಗಿ, ಬಹುಪಾಲು ತಂದೆತಾಯಿಗೆ ಗೊತ್ತೇ ಆಗದೆ ಹೋಗಿತ್ತು. ಈ ಅಂಕಿ ಪ್ರಕಟಿಸುವಾಗಲೇ ಮಂಡಳಿ, ಶಾಲೆ ತೆರೆಯುವುದಾದರೆ ಪ್ರಾಥಮಿಕ ತರಗತಿಗಳಿಂದ ಆರಂಭಿಸುವುದು ವಿವೇಕ ಎಂದಿತು. ಸಿಬ್ಬಂದಿಗೆ ಮೊದಲು ಲಸಿಕೆ ಆಗಿರಬೇಕೆಂಬ ಮಾತನ್ನೂ ಸೇರಿಸಿತ್ತು.

ಈಗ ಲಸಿಕೆಯ ನಂತರದ ಮಾತು. ಕೋವಿಶೀಲ್ಡ್ ವೈರಸ್ಸಿನ ಮುಳ್ಳಿನ ಪ್ರೋಟೀನಿಗೆ ಮಾತ್ರ ಪ್ರತಿಕಾಯ ಹುಟ್ಟಿಸುತ್ತದೆ. ಆದ್ದರಿಂದ ಅದನ್ನು ಪಡೆದವರಲ್ಲಿ ಒಳತಿರುಳಿನ ಪ್ರೋಟೀನಿನ ಪ್ರತಿಕಾಯ ಕಂಡರೆ ಸೋಂಕೂ ಬಂದುಹೋಗಿದೆ ಎಂದರ್ಥ. ನಿಷ್ಕ್ರಿಯಗೊಳಿಸಿದ ಇಡೀ ವೈರಸ್ಸಿನಿಂದ ಮಾಡಿದ ಕೋವ್ಯಾಕ್ಸಿನ್ ಪಡೆದವರಿಗೆ ಈ ಸೂತ್ರ ಹೊಂದುವುದಿಲ್ಲ. ಇನ್ನು, ಪ್ರತಿಕಾಯದ ಅಂಕಿ ಇಷ್ಟಿದೆ, ಇನ್ನು ಹೆದರಿಕೆಯಿಲ್ಲ ಎಂಬ ಲೆಕ್ಕಕ್ಕೆ ಆಧಾರವಿಲ್ಲ. ರಕ್ಷಣೆಯಲ್ಲಿ ಟಿ-ಕೋಶಗಳ ಪಾಲೂ ಇದೆ; ಅದನ್ನು ಈ ಪರೀಕ್ಷೆ ಅಳೆಯುವುದೇ ಇಲ್ಲ. ಹಾಗೆ ಅಳೆಯಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರ ಮೇ ತಿಂಗಳಲ್ಲೇ ಹೇಳಿದೆ.

ತಂದೆತಾಯಿಗಳು ತಿಳಿದಿರಬೇಕಾದ ಒಂದು ಸಂದರ್ಭ ಮಾತ್ರ ಬೇರೆ. ಸೋಂಕು ತಗುಲಿದ ಎರಡರಿಂದ ಆರು ವಾರಗಳ ನಂತರ ಕೆಲವೇ ಕೆಲವು ಮಕ್ಕಳಿಗೆ ಬಿಡದ ಜ್ವರ, ಹೊಟ್ಟೆನೋವು, ವಾಂತಿ, ಮೈಮೇಲೆ ಗಂಧೆ, ಕೆಂಪು ಕಣ್ಣು ಕಾಣಿಸಿಕೊಳ್ಳುತ್ತವೆ. ಹೃದಯಕ್ಕೂ ಪೆಟ್ಟು ಬೀಳಬಹುದಾದ ಉರಿಯೂತ ಇದು. ವೈದ್ಯರು ಇದನ್ನು ಎಂಐಎಸ್-ಸಿ ಎನ್ನುತ್ತಾರೆ. ಆ ಹೊತ್ತಿಗೆ ಆರ್‌ಟಿ-ಪಿಸಿಆರ್ ಹೆಚ್ಚಾಗಿ ನೆಗೆಟಿವ್ ಬರುತ್ತದೆ. ಮನೆಯಲ್ಲಿ ಯಾರಿಗೆ ಯಾವಾಗ ಕೆಮ್ಮು ನೆಗಡಿ ಬಂದಿತ್ತು ಎಂಬ ವಿವರ ಮತ್ತು ಮಗುವಿನ ರಕ್ತದ ಪ್ರತಿಕಾಯ ವರದಿ, ಇವೆರಡೂ ಅಂಥ ಕಡೆ ವೈದ್ಯರಿಗೆ ದಾರಿ ತೋರಿಸುತ್ತವೆ. ಬೇಗ ಗುರುತಿಸಿ ಚಿಕಿತ್ಸೆ ಕೊಟ್ಟರೆ ಬಹುತೇಕ ಮಕ್ಕಳು ಚೇತರಿಸಿಕೊಳ್ಳುತ್ತಾರೆ.