ಮನೆಯ ನ್ಯಾಸ್‌ನಲ್ಲಿ ಫೋಲ್ಡರ್ ಕಾಣ್ತಿಲ್ವಾ? ಫಾರ್ಮ್ಯಾಟ್ ಒತ್ತೋ ಮೊದಲು ಇದನ್ನ ಕೇಳಿ

ಇವತ್ತಿನ ಎಪಿಸೋಡ್ ನನ್ನದೇ ಒಂದು ದಡ್ಡತನದಿಂದ ಶುರು ಮಾಡ್ತೀನಿ.

ಕೆಲವು ತಿಂಗಳ ಹಿಂದೆ ಇಂಟರ್ನೆಟ್‌ನವರು ಮನೆಗೆ ಬಂದು ಹಳೇ ರೂಟರ್ ತೆಗೆದು ಹೊಸದು ಹಾಕಿ ಹೋದರು. ರಾತ್ರಿ ಎಡಿಟಿಂಗ್‌ಗೆ ಕೂತರೆ ಲ್ಯಾಪ್‌ಟಾಪ್‌ನಲ್ಲಿ ಝಡ್ ಡ್ರೈವ್ ಮೇಲೆ ಕೆಂಪು ಗುರುತು. ಈ ಪಾಡ್‌ಕಾಸ್ಟ್‌ನ ಮೂರು ವರ್ಷದ ಮೂಲ ರೆಕಾರ್ಡಿಂಗ್, ಅಕ್ಕನ ಮದುವೆ ವಿಡಿಯೊ ಎಲ್ಲಾ ಅದರಲ್ಲೇ ಇತ್ತು. ಬೇರೆ ಕಾಪಿ ಇರಲಿಲ್ಲ. ಗಾಬರಿಯಲ್ಲಿ ನ್ಯಾಸ್ ಆಫ್ ಮಾಡಿ, ಡಿಸ್ಕ್ ಹೊರಗೆ ತೆಗೆದು, ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೆ. ವಿಂಡೋಸ್ ಕೇಳ್ತು: ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲಾ? ನಾನು ಮೌಸನ್ನ ಆ ಬಟನ್ ಮೇಲೆ ತಂದಿದ್ದೆ. ಯಾಕೋ ಕೈ ಹಿಂದೆ ಬಂತು.

ಒತ್ತಿದ್ದರೆ ಅವತ್ತೇ ಕಥೆ ಮುಗೀತಿತ್ತು. ಯಾಕಂದ್ರೆ ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಮನೆಯಲ್ಲಿ ಬಳಸೋ ಬಹುತೇಕ ನ್ಯಾಸ್‌ಗಳ ಒಳಗೆ ಓಡೋದು ಲಿನಕ್ಸ್. ಅದು ಫೈಲ್ ಇಡೋ ವ್ಯವಸ್ಥೆ ವಿಂಡೋಸ್‌ಗೆ ಓದೋಕೆ ಬರಲ್ಲ. ಓದೋಕೆ ಬರದೇ ಇರೋದನ್ನ ವಿಂಡೋಸ್ ಖಾಲಿ ಅಂದ್ಕೊಳ್ಳುತ್ತೆ. ಹಾಗಾಗಿ ಮೊದಲನೇ ನಿಯಮ: ಫಾರ್ಮ್ಯಾಟ್, ಇನಿಷಿಯಲೈಸ್, ರಿಸೆಟ್ ಅಂತ ಯಾರು ಕೇಳಿದರೂ 'ಬೇಡ' ಅನ್ನಿ.

ಮೊದಲು ವಿಳಾಸ ನೋಡಿ

ನ್ಯಾಸ್ ಅಂದ್ರೆ ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್. ಮನೆಯ ಗೋಡೌನ್ ಅಂದ್ಕೊಳ್ಳಿ. ಸರಕು ಒಳಗೇ ಇದೆ, ಆದ್ರೆ ನಮ್ಮ ಹತ್ರ ಇರೋದು ಹಳೇ ವಿಳಾಸ. ಮನೆಯ ಒಳಗಿನ ಐಪಿ ವಿಳಾಸ ಹಂಚೋದು ರೂಟರ್. ಹೊಸ ರೂಟರ್ ಬಂದಾಗ ನನ್ನ ನ್ಯಾಸ್‌ಗೆ ಹೊಸ ನಂಬರ್ ಸಿಕ್ಕಿತ್ತು. ಝಡ್ ಡ್ರೈವ್ ಇನ್ನೂ ಹಳೇ ಬಾಗಿಲನ್ನೇ ತಟ್ಟುತ್ತಿತ್ತು.

ಪರೀಕ್ಷೆ ಮಾಡೋಕೆ ಫೋನ್ ಸಾಕು. ರೂಟರ್‌ನ ಸೆಟ್ಟಿಂಗ್ಸ್ ತೆರೆದು, ಕನೆಕ್ಟ್ ಆಗಿರೋ ಸಾಧನಗಳ ಪಟ್ಟಿಯಲ್ಲಿ ನ್ಯಾಸ್‌ನ ಐಪಿ ಹುಡುಕಿ. ಅದನ್ನ ಫೋನ್ ಬ್ರೌಸರ್‌ನಲ್ಲಿ ಹಾಕಿ. ನ್ಯಾಸ್‌ನ ಲಾಗಿನ್ ಪುಟ ಬಂದರೆ ಸಾಧನ ಬದುಕಿದೆ ಅಂತ ಅರ್ಥ. ಕೆಲವು ನ್ಯಾಸ್‌ಗಳಿಗೆ ಐಪಿ ಜೊತೆ ಪೋರ್ಟ್ ನಂಬರೂ ಬೇಕು, ಅದು ಕೈಪಿಡಿಯಲ್ಲಿರುತ್ತೆ. ಆಮೇಲೆ ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್ ಮೇಲ್ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಅದೇ ಐಪಿ ಟೈಪ್ ಮಾಡಿ. ತೆರೆದರೆ ಡ್ರೈವನ್ನ ಹೊಸ ವಿಳಾಸಕ್ಕೆ ಮ್ಯಾಪ್ ಮಾಡಿ. ಜೊತೆಗೆ ರೂಟರ್‌ನಲ್ಲಿ ಆ ಐಪಿಯನ್ನ ನ್ಯಾಸ್‌ಗೇ ರಿಸರ್ವ್ ಮಾಡಿಬಿಡಿ. ಮತ್ತೆ ಬದಲಾಗಲ್ಲ.

ಫೋನ್‌ನಲ್ಲೂ ಪುಟ ಬರಲಿಲ್ವಾ? ಫೋನ್ ಗೆಸ್ಟ್ ವೈಫೈನಲ್ಲಿದೆಯಾ ನೋಡಿ. ಗೆಸ್ಟ್ ವೈಫೈ ಸಾಮಾನ್ಯವಾಗಿ ಇಂಟರ್ನೆಟ್ ಮಾತ್ರ ಕೊಡುತ್ತೆ, ಮನೆಯ ಬೇರೆ ಸಾಧನಗಳನ್ನ ತೋರಿಸಲ್ಲ. ವಿಪಿಎನ್ ಆನ್ ಇದ್ದರೆ ಆಫ್ ಮಾಡಿ. ಐಫೋನ್‌ನಲ್ಲಿ ನ್ಯಾಸ್ ಆಪ್ ಬಳಸ್ತಿದ್ದರೆ, ಅದಕ್ಕೆ 'ಲೋಕಲ್ ನೆಟ್‌ವರ್ಕ್' ಅನುಮತಿ ಇದೆಯಾ ಅಂತಲೂ ನೋಡ್ಕೊಳ್ಳಿ.

ಒಂದೇ ಒಂದು ಫೋಲ್ಡರ್ ಇಲ್ಲ ಅಂದ್ರೆ

ಹೊಸ ವಿಳಾಸ ಹಾಕಿದೆ, ಮದುವೆ ವಿಡಿಯೊ ಬಂತು. ರೆಕಾರ್ಡಿಂಗ್ ಫೋಲ್ಡರ್ ಮಾತ್ರ ಇಲ್ಲ! ಎದೆ ಮತ್ತೆ ಧಸಕ್ ಅಂತು.

ಆಗಿದ್ದಿಷ್ಟೇ. ಹೊಸ ವಿಳಾಸವನ್ನ ವಿಂಡೋಸ್ ಹೊಸ ಸರ್ವರ್ ಅಂತ ತಿಳ್ಕೊಂಡು ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿತ್ತು. ನನಗೆ ನೆನಪಿದ್ದದ್ದು ಅಮ್ಮ ಫೋಟೊ ನೋಡಲಿ ಅಂತ ಮಾಡಿಕೊಟ್ಟಿದ್ದ ಖಾತೆ. ಅದನ್ನೇ ಹಾಕಿದ್ದೆ. ಆ ಖಾತೆಗೆ ರೆಕಾರ್ಡಿಂಗ್ ಫೋಲ್ಡರ್‌ನ ಅನುಮತಿ ಇಲ್ಲ. ಅನುಮತಿ ಇಲ್ಲದ ಫೋಲ್ಡರನ್ನ ಪಟ್ಟಿಯಲ್ಲೇ ತೋರಿಸದ ಸೆಟ್ಟಿಂಗ್ ನ್ಯಾಸ್‌ಗಳಲ್ಲಿರುತ್ತೆ. ನನ್ನದರಲ್ಲಿ ಅದು ಆನ್ ಇತ್ತು.

ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ಗೆ ಹೋಗಿ, ಆ ವಿಳಾಸಕ್ಕೆ ಸೇವ್ ಆಗಿರೋ ಲಾಗಿನ್ ಅಳಿಸಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್ ಯಾಕಂದ್ರೆ ಒಂದೇ ಸರ್ವರ್‌ಗೆ ಒಂದೇ ಹೊತ್ತಲ್ಲಿ ಎರಡು ಹೆಸರಲ್ಲಿ ಹೋಗೋಕೆ ವಿಂಡೋಸ್ ಬಿಡಲ್ಲ. ಸರಿಯಾದ ಖಾತೆಯಲ್ಲಿ ಒಳಗೆ ಹೋದೆ. ಫೋಲ್ಡರ್ ಇದ್ದಲ್ಲೇ ಇತ್ತು.

ಇನ್ನೂ ಕಾಣದಿದ್ದರೆ ನ್ಯಾಸ್‌ನ ಲಾಗಿನ್ ಪುಟದಲ್ಲಿ ಅಡ್ಮಿನ್ ಆಗಿ ಹೋಗಿ ಅಲ್ಲೇ ಹುಡುಕಿ. ಮೌಸ್ ಜಾರಿ ಒಂದು ಫೋಲ್ಡರ್ ಇನ್ನೊಂದರ ಒಳಗೆ ಬಿದ್ದಿರೋದು ತುಂಬಾ ಸಾಮಾನ್ಯ. ನ್ಯಾಸ್‌ಗೆ ತನ್ನದೇ ರಿಸೈಕಲ್ ಬಿನ್ ಇದ್ದರೆ ಅದನ್ನೂ ನೋಡಿ.

ಹಳೇ ನ್ಯಾಸ್ ಇರೋರಿಗೆ ಒಂದು ಮಾತು. ಫೈಲ್ ಹಂಚೋ ಭಾಷೆಯ ಹೆಸರು ಎಸ್‌ಎಂಬಿ. ಅದರ ಮೊದಲ ಆವೃತ್ತಿಯ ದೋಷ ಬಳಸಿಕೊಂಡೇ 2017ರ ಮೇ ತಿಂಗಳಲ್ಲಿ ವಾನಾಕ್ರೈ ದಾಳಿ ಜಗತ್ತಿನಾದ್ಯಂತ ಹರಡಿತು. ಅದೇ ವರ್ಷದ ಕೊನೆಯಲ್ಲಿ ಬಂದ ವಿಂಡೋಸ್ 10 ಆವೃತ್ತಿಯಿಂದ ಹೊಸದಾಗಿ ಹಾಕಿದ ಕಂಪ್ಯೂಟರ್‌ಗಳಲ್ಲಿ ಎಸ್‌ಎಂಬಿ 1 ಇರೋದಿಲ್ಲ. ಅದನ್ನ ಮತ್ತೆ ಆನ್ ಮಾಡಿ ಅಂತ ಹೇಳೋ ವಿಡಿಯೊಗಳಿವೆ, ಮಾಡ್ಬೇಡಿ. ನ್ಯಾಸ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಎಸ್‌ಎಂಬಿ 2 ಅಥವಾ 3 ಆರಿಸಿಕೊಳ್ಳಿ.

ಕಾಣುತ್ತೆ, ಆದ್ರೆ ನಿಧಾನ

ಫೋಲ್ಡರ್ ಸಿಕ್ಕಮೇಲೆ ಕಾಪಿ ತಗೊಳ್ಳೋಣ ಅಂದ್ರೆ ವೇಗ ಸೆಕೆಂಡಿಗೆ 11 ಎಂಬಿ. ಈ ಅಂಕಿ ನೆನಪಿಟ್ಕೊಳ್ಳಿ, ಇದೇ ಸುಳಿವು. 100 ಎಂಬಿಪಿಎಸ್ ಲಿಂಕ್ ಅಂದ್ರೆ ಲೆಕ್ಕದಲ್ಲಿ 12.5 ಎಂಬಿ, ಕೈಗೆ ಸಿಗೋದು 11ರ ಆಸುಪಾಸು. ಗಿಗಾಬಿಟ್ ಲಿಂಕ್‌ನಲ್ಲಿ ಸುಮಾರು 110. ಅಂದ್ರೆ 40 ಜಿಬಿ ಫೋಲ್ಡರ್‌ಗೆ ಒಂದರಲ್ಲಿ ಒಂದು ಗಂಟೆ, ಇನ್ನೊಂದರಲ್ಲಿ ಆರು ನಿಮಿಷ.

ಗಿಗಾಬಿಟ್‌ಗೆ ಲ್ಯಾನ್ ಕೇಬಲ್ ಒಳಗಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕು ಸಾಕು. ಒಂದು ತಂತಿ ಸತ್ತರೂ ವೇಗ ಕೆಳಗಿಳಿಯಬಹುದು. ನನ್ನ ಕೇಬಲ್ ಬಾಗಿಲ ಸಂದಿಯಲ್ಲಿ ಸಿಕ್ಕಿ ಜಜ್ಜಿಹೋಗಿತ್ತು. ಕ್ಯಾಟ್ 6 ಕೇಬಲ್ ಹಾಕಿದೆ, ಸರಿಹೋಯ್ತು. ಕೇಬಲ್ ಚೆನ್ನಾಗಿದ್ದರೆ ರೂಟರ್‌ನ ಲ್ಯಾನ್ ಪೋರ್ಟ್ ಗಿಗಾಬಿಟ್ ಹೌದಾ ನೋಡಿ. ವೈಫೈನಲ್ಲಿದ್ದರೆ 2.4 ಬಿಟ್ಟು 5 ಗಿಗಾಹರ್ಟ್ಸ್‌ಗೆ ಬನ್ನಿ.

ಮೊದಲ ಸಲ ತೆರೆದಾಗ ಮಾತ್ರ ಹತ್ತು ಸೆಕೆಂಡ್ ತಡ, ಆಮೇಲೆ ಸರಾಗ ಅಂದ್ರೆ ಡಿಸ್ಕ್ ನಿದ್ದೆಯಿಂದ ಏಳ್ತಿದೆ ಅಷ್ಟೇ. ಸಾವಿರಾರು ಫೋಟೊ ಇರೋ ಫೋಲ್ಡರ್ ನಿಧಾನ ಅಂದ್ರೆ ಚಿಕ್ಕ ಚಿತ್ರಗಳು ತಯಾರಾಗ್ತಿವೆ. ವರ್ಷವಾರು ಫೋಲ್ಡರ್ ಮಾಡಿ, ಹಗುರಾಗುತ್ತೆ. ಆದ್ರೆ ಡಿಸ್ಕ್ ಟಕ್ ಟಕ್ ಅಂತಿದ್ದರೆ, ಅಥವಾ ನ್ಯಾಸ್‌ನ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರ್‌ಗಳ ಸಂಖ್ಯೆ ಏರ್ತಿದ್ದರೆ, ರಿಪೇರಿ ಆಮೇಲೆ. ಮುಖ್ಯವಾದ ಫೈಲ್‌ಗಳನ್ನ ಮೊದಲು ಹೊರಗೆ ತೆಗೀರಿ.

ಕೊನೇ ಮಾತು

ಅಂದು ನಾನು ಹೆದರಿದ್ದು ನ್ಯಾಸ್ ಕೆಟ್ಟಿದ್ದಕ್ಕಲ್ಲ, ಎರಡನೇ ಕಾಪಿ ಇಲ್ಲದ್ದಕ್ಕೆ. ಎರಡು ಡಿಸ್ಕ್ ಹಾಕಿ ರೇಡ್ ಮಾಡಿದ್ದೀನಿ ಅನ್ನೋರಿಗೂ ಇದು ಅನ್ವಯ. ಡಿಸ್ಕ್ ಒಂದು ಕೆಟ್ಟರೆ ರೇಡ್ ಕಾಪಾಡುತ್ತೆ. ನೀವೇ ಅಳಿಸಿದರೆ ಎರಡರಲ್ಲೂ ಅಳಿಸುತ್ತೆ. ಒಟ್ಟು ಮೂರು ಕಾಪಿ, ಎರಡು ಬಗೆಯ ಜಾಗ, ಅದರಲ್ಲೊಂದು ಮನೆಯ ಹೊರಗೆ ಅನ್ನೋದು ಹಳೇ ಸೂತ್ರ. ನಾನೀಗ ಒಂದು ಎಕ್ಸ್‌ಟರ್ನಲ್ ಡಿಸ್ಕನ್ನ ಅಕ್ಕನ ಮನೆಯಲ್ಲಿಟ್ಟಿದ್ದೀನಿ, ಮುಖ್ಯವಾದ ರೆಕಾರ್ಡಿಂಗ್ ಕ್ಲೌಡ್‌ನಲ್ಲೂ ಇದೆ.

ಈ ಎಪಿಸೋಡ್ ಮುಗಿದ ಕೂಡಲೇ ಒಂದು ಕೆಲಸ ಮಾಡಿ. ನಿಮ್ಮ ನ್ಯಾಸ್‌ನ ಐಪಿ, ಯಾವ ಖಾತೆಗೆ ಯಾವ ಫೋಲ್ಡರ್ ಅನ್ನೋದನ್ನ ಚೀಟಿಯಲ್ಲಿ ಬರೆದು ಅದರ ಅಡಿಗೆ ಅಂಟಿಸಿ. ಪಾಸ್‌ವರ್ಡ್ ಬೇಡ, ಅದು ಬೇರೆ ಕಡೆ ಇರಲಿ. ಮುಂದಿನ ವಾರ ಸಿಗೋಣ.